ಸೇಡಂನ ಮುನ್ನಿಗೆ, ದೂರ–ವೇಗ–ಕಾಲದ ಲೆಕ್ಕದ ಬಗ್ಗೆ

ಮೆಹದಿಪಟ್ಟಣಂ, ಹೈದರಾಬಾದ್
ಭಾನುವಾರ ಸಂಜೆ

ಪ್ರೀತಿಯ ಮುನ್ನಿ,

ನೀನು ಮೊಬೈಲಿಗೆ ಕಳಿಸಿದ ನೋಟ್‌ಬುಕ್ಕಿನ ಪುಟ ನೋಡಿದೆ. ಮೈಸೂರು–ಬೆಂಗಳೂರು ರೈಲಿನ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿ, ಅದರ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ‘ವಾಕ್ಯದ ಲೆಕ್ಕ ನನಗೆ ಬರಲ್ಲ ಅತ್ತೆ, ಪರೀಕ್ಷೆಯಲ್ಲಿ ಬಿಟ್ಟುಬಿಡ್ತೀನಿ’ ಅಂತ ಬರೆದಿದ್ದೀಯ. ಫೋನಿನಲ್ಲೇ ಉತ್ತರ ಹೇಳಿಬಿಡಬಹುದಿತ್ತು. ಆಗ ಆ ಒಂದು ಲೆಕ್ಕ ಮುಗಿಯುತ್ತಿತ್ತು, ನಿನ್ನ ಭಯ ಮಾತ್ರ ಹಾಗೇ ಉಳಿಯುತ್ತಿತ್ತು. ಅದಕ್ಕೇ ಕಾಗದ ಬರೆಯಲು ಕೂತೆ. ಪೆನ್ಸಿಲ್ ಕೈಯಲ್ಲಿ ಹಿಡಿದುಕೊಂಡೇ ಓದು.

ಮೊದಲ ಸಾಲಿನಲ್ಲೇ ನೀನು ‘ದೂರ = ವೇಗ × ಕಾಲ’ ಅಂತ ಬರೆದು ಸುತ್ತ ಚೌಕಟ್ಟು ಹಾಕಿದ್ದೀಯ. ಸೂತ್ರ ಸರಿ. ಅದಾದ ಮೇಲೆ 132 ಎಲ್ಲಿ ಹಾಕಲಿ, 11 ಎಲ್ಲಿ ಹಾಕಲಿ ಅಂತ ತಡಕಾಡಿದ್ದು ಪುಟದ ತುಂಬಾ ಕಾಣುತ್ತದೆ. ನನ್ನ ಹತ್ತಿರ ಟ್ಯೂಷನ್ನಿಗೆ ಬರುವ ಮಕ್ಕಳೂ ಇದನ್ನೇ ಮಾಡುತ್ತಾರೆ. ಕಥೆ ಓದಿ ಮುಗಿಸುವ ಮೊದಲೇ ಸೂತ್ರಕ್ಕೆ ಕೈ ಹಾಕುತ್ತಾರೆ. ಈ ಜಾತಿಯ ಲೆಕ್ಕದಲ್ಲಿ ಬಹುಪಾಲು ಎರಡು ಪ್ರಯಾಣಗಳ ಕಥೆ ಇರುತ್ತದೆ: ಎರಡು ರೈಲು, ಇಬ್ಬರು ಮನುಷ್ಯರು, ಇಲ್ಲವೇ ಒಬ್ಬನೇ ಹೋಗಿದ್ದು ಮತ್ತು ಬಂದಿದ್ದು. ಸೂತ್ರ ಒಂದೊಂದು ಪ್ರಯಾಣಕ್ಕೂ ಬೇರೆ ಬೇರೆಯಾಗಿ ಅನ್ವಯಿಸುತ್ತದೆ. ಸಮೀಕರಣ ಹುಟ್ಟುವುದು ಆ ಎರಡರ ನಡುವಿನ ಸಂಬಂಧದಿಂದ. ಆ ಸಂಬಂಧ ಸೂತ್ರದಲ್ಲಿ ಇರುವುದಿಲ್ಲ, ಕಥೆಯಲ್ಲಿ ಇರುತ್ತದೆ.

ನಮ್ಮ ಮನೆಯ ಹತ್ತಿರದ್ದನ್ನೇ ತಗೋ. ಸರೋಜಿನಿ ದೇವಿ ಕಣ್ಣಿನ ಆಸ್ಪತ್ರೆಯ ಹತ್ತಿರ ಮೇಲೇರಿ ಆರಾಮ್‌ಘರ್‌ನಲ್ಲಿ ಕೆಳಗಿಳಿಯುವ ಪಿ.ವಿ. ನರಸಿಂಹ ರಾವ್ ಎಕ್ಸ್‌ಪ್ರೆಸ್‌ವೇ ನೀನು ನೋಡಿದ್ದೀಯ. 2009ರಲ್ಲಿ ಶುರುವಾಯಿತು. ಉದ್ದ 11.6 ಕಿಲೋಮೀಟರ್. ಅದರ ಕಂಬಗಳ ಮೇಲೆ ದೊಡ್ಡದಾಗಿ ನಂಬರ್ ಬರೆದಿದ್ದಾರೆ. ರೇತಿಬೌಲಿ ಕಡೆ ಸಣ್ಣ ಸಂಖ್ಯೆ, ಅತ್ತಾಪುರದ ಹೊತ್ತಿಗೆ ನೂರು ದಾಟಿರುತ್ತದೆ. ಕೆಳಗಿನ ಅಂಗಡಿಗಳ ಬೋರ್ಡಿನಲ್ಲೂ ಮದುವೆಯ ಕಾರ್ಡಿನಲ್ಲೂ ವಿಳಾಸ ಅಂದರೆ ಕಂಬದ ನಂಬರೇ. ಆಟೋದವರಿಗೆ ‘ಪಿಲ್ಲರ್ ನಂಬರ್ ಇಷ್ಟು’ ಅಂದರೆ ಸಾಕು, ಬೇರೆ ಗುರುತು ಕೇಳುವುದಿಲ್ಲ. ನೀವು ಶಾಲೆಯಲ್ಲಿ ಎಳೆಯುವ ಸಂಖ್ಯಾರೇಖೆಯನ್ನು ಊರಿನ ಮಧ್ಯೆ ಸಿಮೆಂಟಿನಲ್ಲಿ ನಿಲ್ಲಿಸಿದ್ದಾರೆ ಅನ್ನಿಸುತ್ತದೆ ನನಗೆ.

ಈಗ ನಿನ್ನ ಮಾಮ ಸ್ನೇಹಿತರ ಕಾರಿನಲ್ಲಿ ಮೇಲಿನ ರಸ್ತೆಯಲ್ಲಿ ಆರಾಮ್‌ಘರ್‌ಗೆ ಹೋದರು ಅಂತಿಟ್ಟುಕೋ, ವೇಗ ಗಂಟೆಗೆ 58 ಕಿಲೋಮೀಟರ್. ಸಂಜೆ ಆಟೋ ಹಿಡಿದರು. ಆಟೋಗೆ ಮೇಲೆ ಪ್ರವೇಶ ಇಲ್ಲ, ಕೆಳಗಿನ ರಸ್ತೆಯೇ ಗತಿ. ದೂರ ಅಷ್ಟೇ ಅಂತಿಟ್ಟುಕೋ, ವೇಗ 14.5. ಹೋಗಿಬಂದದ್ದರ ಸರಾಸರಿ ವೇಗ ಎಷ್ಟು? ಹತ್ತರಲ್ಲಿ ಒಂಬತ್ತು ಮಕ್ಕಳು 58ಕ್ಕೆ 14.5 ಕೂಡಿ ಅರ್ಧ ಮಾಡಿ 36.25 ಅನ್ನುತ್ತಾರೆ. ಕೂತು ನೋಡು. ಹೋಗಲು 11.6 ಭಾಗಿಸು 58, ಅಂದರೆ 0.2 ಗಂಟೆ, 12 ನಿಮಿಷ. ಬರಲು 11.6 ಭಾಗಿಸು 14.5, ಅಂದರೆ 0.8 ಗಂಟೆ, 48 ನಿಮಿಷ. ಒಟ್ಟು ಸರಿಯಾಗಿ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಓಡಿದ್ದು 23.2 ಕಿಲೋಮೀಟರ್. ಸರಾಸರಿ 23.2!

ಯಾಕೆ ಇಷ್ಟು ಕಡಿಮೆ? ಕೆಳಗಿನ ರಸ್ತೆಯಲ್ಲಿ ಅವರು 48 ನಿಮಿಷ ಕಳೆದರು, ಮೇಲೆ ಕಳೆದದ್ದು ಬರೀ 12. ನಿಧಾನದ ಪ್ರಯಾಣ ನಾಲ್ಕು ಪಟ್ಟು ಹೊತ್ತು ನಡೆದಿದೆ, ಸರಾಸರಿ ಅದರ ಕಡೆಗೇ ವಾಲುತ್ತದೆ. ಇನ್ನೊಂದು ಮಾತು, ಇದು ನಿಮ್ಮ ಪುಸ್ತಕದಲ್ಲಿ ಇರಲಿಕ್ಕಿಲ್ಲ. ಹೋಗುವಾಗ ಆ ಕಾರು ಕಣ್ಣು ಮಿಟುಕಿಸುವಷ್ಟರಲ್ಲಿ ಆರಾಮ್‌ಘರ್ ಸೇರಿತು ಅಂತಲೇ ಇಟ್ಟುಕೋ, ಕಾಲ ಸೊನ್ನೆ. ಆಗಲೂ ವಾಪಸಾತಿಯ 48 ನಿಮಿಷ ಇದ್ದೇ ಇದೆ. 48 ನಿಮಿಷಕ್ಕೆ 23.2 ಕಿಲೋಮೀಟರ್ ಅಂದರೆ ಗಂಟೆಗೆ 29. ಎಂಥ ಕಾರು ತಂದರೂ ಆ ದಿನದ ಸರಾಸರಿ 29 ದಾಟುವುದಿಲ್ಲ. ಊರಿನ ಟ್ರಾಫಿಕ್ಕಿನ ಬಗ್ಗೆ ಯೋಚನೆ ಮಾಡುವವರೆಲ್ಲ ಈ ಲೆಕ್ಕವನ್ನು ಒಮ್ಮೆಯಾದರೂ ಮಾಡಬೇಕು ಅಂತ ನನಗೆ ನಿಜವಾಗಿ ಅನ್ನಿಸುತ್ತದೆ.

ಈಗ ವಿಧಾನಕ್ಕೆ ಬರೋಣ. ಯಾವ ಲೆಕ್ಕವಾದರೂ ಮೊದಲು ಎರಡು ಸಾಲು, ಮೂರು ಕಂಬದ ಒಂದು ಕೋಷ್ಟಕ ಹಾಕು. ಮೇಲೆ ದೂರ, ವೇಗ, ಕಾಲ. ಎಡಕ್ಕೆ ಎರಡು ಪ್ರಯಾಣಗಳ ಹೆಸರು. ಕಥೆ ಬಾಯಿಬಿಟ್ಟು ಹೇಳಿದ ಸಂಖ್ಯೆಗಳನ್ನು ಒಂದು ಕಂಬದಲ್ಲಿ ತುಂಬು. ಗೊತ್ತಿಲ್ಲದ್ದಕ್ಕೆ ಒಂದು ಅಕ್ಷರ ಇಟ್ಟು ಇನ್ನೊಂದು ಕಂಬ ತುಂಬು. ನೀನು ಎಕ್ಸ್ ಅಂತ ಬರೆಯುವುದನ್ನು ಭಾಸ್ಕರಾಚಾರ್ಯ ‘ಯಾ’ ಅಂತ ಬರೆಯುತ್ತಿದ್ದ, ಯಾವತ್ತಾವತ್ ಎಂಬುದರ ಮೊದಲಕ್ಷರ. ಈ ಕಾಗದದಲ್ಲಿ ನಾನೂ ಹಾಗೇ ಬರೆಯುತ್ತೇನೆ. ಮೂರನೆಯ ಕಂಬವನ್ನು ಕಥೆಯಿಂದ ತುಂಬಬೇಡ, ಸೂತ್ರದಿಂದ ತುಂಬು. ಸೂತ್ರದ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಕಥೆಗೆ ಮತ್ತೆ ಹೋಗಿ, ಆ ಮೂರನೆಯ ಕಂಬದ ಎರಡು ಮನೆಗಳ ಬಗ್ಗೆ ಕಥೆ ಏನು ಹೇಳುತ್ತದೆ ಅಂತ ಕೇಳು. ಎರಡೂ ಸಮವೇ? ಕೂಡಿದರೆ ಇಷ್ಟಾಗಬೇಕೇ? ಒಂದು ಇನ್ನೊಂದಕ್ಕಿಂತ ಇಷ್ಟು ಕಡಿಮೆಯೇ? ಆ ವಾಕ್ಯವೇ ನಿನ್ನ ಸಮೀಕರಣ.

ಮಾಡಿ ನೋಡೋಣ. ಸೇಡಂನಿಂದ ಇಲ್ಲಿಗೆ ಕೊಡಂಗಲ್, ಪರಿಗಿ, ಚೇವೆಳ್ಳ ಮೇಲೆ ಬರುವ ರಸ್ತೆ ಸುಲಭಕ್ಕೆ 150 ಕಿಲೋಮೀಟರ್ ಅಂತ ಇಟ್ಟುಕೋ. ನೀನೂ ನಿನ್ನಮ್ಮನೂ ಬೆಳಿಗ್ಗೆ 6 ಗಂಟೆಗೆ ಅಲ್ಲಿಂದ ಬಸ್ಸಿನಲ್ಲಿ ಹೊರಟಿರಿ, ವೇಗ 40. ನಾನು 7 ಗಂಟೆಗೆ ಇಲ್ಲಿಂದ ಕಾರಿನಲ್ಲಿ ಎದುರು ಬಂದೆ, ವೇಗ 60. ಎಲ್ಲಿ, ಎಷ್ಟು ಹೊತ್ತಿಗೆ ಸಿಗುತ್ತೇವೆ? ವೇಗದ ಕಂಬದಲ್ಲಿ 40 ಮತ್ತು 60. ಕಾಲದ ಕಂಬದಲ್ಲಿ ನನ್ನದು ಯಾ, ನಿಮ್ಮದು ಯಾ + 1, ಯಾಕೆಂದರೆ ನೀವು ಒಂದು ಗಂಟೆ ಮೊದಲೇ ಹೊರಟಿದ್ದೀರಿ. ದೂರದ ಕಂಬ ಸೂತ್ರದಿಂದ: ನಿಮ್ಮದು 40(ಯಾ + 1), ನನ್ನದು 60ಯಾ. ದೂರಗಳ ಬಗ್ಗೆ ಕಥೆ ಏನು ಹೇಳಿತು? ಇಬ್ಬರೂ ಸೇರಿ ಇಡೀ ರಸ್ತೆಯನ್ನು ಮುಗಿಸಿದ್ದೇವೆ. ಹಾಗಾದರೆ

40(ಯಾ + 1) + 60ಯಾ = 150

ಇದರಿಂದ 100ಯಾ = 110, ಯಾ = 1.1 ಗಂಟೆ.

ಇಲ್ಲಿ ಒಂದು ಕ್ಷಣ ನಿಲ್ಲು. 1.1 ಗಂಟೆಯನ್ನು ಒಂದು ಗಂಟೆ ಹತ್ತು ನಿಮಿಷ ಅಂತ ಓದಿಬಿಡುವ ಮಕ್ಕಳು ತುಂಬಾ. ಗಂಟೆಯ ಹತ್ತನೇ ಒಂದು ಭಾಗ ಅಂದರೆ 6 ನಿಮಿಷ. ನಾವು ಸಿಗುವುದು 8 ಗಂಟೆ 6 ನಿಮಿಷಕ್ಕೆ. ವೇಗ ಗಂಟೆಯ ಲೆಕ್ಕದಲ್ಲಿದ್ದರೆ ಕಾಲವೂ ಗಂಟೆಯಲ್ಲೇ ಇರಬೇಕು. ಅರ್ಧ ಗಂಟೆಯನ್ನು 30 ಅಂತ ಬರೆದರೆ ಮುಂದಿನದೆಲ್ಲ ಹಾಳು. ನನ್ನ ದೂರ 66 ಕಿಲೋಮೀಟರ್, ನಿಮ್ಮದು 84. ಕೂಡಿ ನೋಡು, 150. ನಕ್ಷೆಯಲ್ಲಿ ನೋಡಿದರೆ ಅದು ಮನ್ನೆಗೂಡ ದಾಟಿದ ಮೇಲೆ, ಪರಿಗಿಗೆ ಸ್ವಲ್ಪ ಮುಂಚೆ. ಅಷ್ಟು ಹೊತ್ತಿಗೆ ನಾನು ಚೇವೆಳ್ಳದ ಆಲದ ಮರಗಳನ್ನೆಲ್ಲ ದಾಟಿರುತ್ತೇನೆ. ವಿಜಯಪುರಕ್ಕೆ ಹೋಗುವ ಆ ಹೆದ್ದಾರಿಯಲ್ಲಿ ಮನ್ನೆಗೂಡದವರೆಗೆ ಎರಡೂ ಬದಿಗೆ ನೂರಾರು ಹಳೇ ಆಲಗಳಿವೆ. ರಸ್ತೆ ಅಗಲ ಮಾಡುವಾಗ ಅವು ಹೋಗಬಾರದು ಅಂತ ಇಲ್ಲಿನ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ಅಗಲ ರಸ್ತೆಯಿಂದ ಉಳಿಯುವ ನಿಮಿಷಗಳನ್ನು ಲೆಕ್ಕ ಹಾಕಬಹುದು, ಆ ನೆರಳನ್ನು ಯಾವ ಕಂಬದಲ್ಲಿ ಬರೆಯುವುದು? ಇರಲಿ, ಲೆಕ್ಕಕ್ಕೆ ಬರುತ್ತೇನೆ.

ಈಗ ಮಾಡಿದಂತೆ ಎದುರುಬದುರು ಬರುವಾಗ ನಡುವಿನ ಅಂತರವನ್ನು ವೇಗಗಳ ಮೊತ್ತದಿಂದ ಭಾಗಿಸು, ಒಂದೇ ದಿಕ್ಕಿನಲ್ಲಿ ಬೆನ್ನಟ್ಟುವಾಗ ವ್ಯತ್ಯಾಸದಿಂದ ಭಾಗಿಸು ಅನ್ನುವ ಮಾತು ಹೊಸದಲ್ಲ. ಆರ್ಯಭಟ 499ರಲ್ಲಿ ಬರೆದ ಆರ್ಯಭಟೀಯದಲ್ಲಿ ಆಕಾಶದಲ್ಲಿ ಎರಡು ಗ್ರಹಗಳು ಕೂಡುವ ಕಾಲಕ್ಕಾಗಿ ಇದೇ ನಿಯಮ ಕೊಟ್ಟಿದ್ದಾನೆ. ಆದರೆ ನಿನಗೆ ನಾನು ಹೇಳಲೇಬೇಕಾದದ್ದು ನಿಮ್ಮ ಊರ ಪಕ್ಕದ್ದು.

ಸೇಡಂನಿಂದ ಕಲಬುರಗಿ ಬಸ್ಸು ಹತ್ತಿದರೆ ದಾರಿಯಲ್ಲಿ ಮಳಖೇಡ ಬರುತ್ತದಲ್ಲ? ಕಾಗಿಣಾ ನದಿ, ಆ ಕೋಟೆ, ಉತ್ತರಾದಿ ಮಠ, ಹಳೆಯ ಬಸದಿ. ನೀವು ಕಿಟಕಿಯಿಂದ ನೋಡಿ ಮುಂದೆ ಹೋಗಿಬಿಡುತ್ತೀರಿ. ಅದೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನ ಅಂತ ಕನ್ನಡ ಪಾಠದಲ್ಲಿ ಓದಿದ್ದೀಯ. ಇಲ್ಲಿ ಕಾಚಿಗುಡದಲ್ಲಿ ಕನ್ನಡಿಗರು ಕಟ್ಟಿದ ಶಾಲೆಗೆ ಆ ಆಸ್ಥಾನದ ದೊರೆ ನೃಪತುಂಗನ ಹೆಸರನ್ನೇ ಇಟ್ಟಿದ್ದಾರೆ. ಅದೇ ಅಮೋಘವರ್ಷ ನೃಪತುಂಗನನ್ನು ಹೊಗಳಿ ಶುರುಮಾಡುವ ಇನ್ನೊಂದು ಗ್ರಂಥ ಇದೆ, ಸುಮಾರು 850ರದ್ದು: ಮಹಾವೀರಾಚಾರ್ಯನ ಗಣಿತಸಾರಸಂಗ್ರಹ. ಸಂಸ್ಕೃತದಲ್ಲಿದೆ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಮಾಡಿಸಿದರು. ಗ್ರಹಗಳ ಸಹವಾಸ ಬಿಟ್ಟು ವ್ಯಾಪಾರ, ಬಡ್ಡಿ, ಹೊಲ, ಗುಂಡಿ, ಪಯಣ ಅಂತ ಲೋಕದ ಲೆಕ್ಕಗಳಿಗೇ ಇಡೀ ಪುಸ್ತಕ ಮೀಸಲಿಟ್ಟವನು ಅವನು. ಮುಂದೆ 12ನೇ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ.

ಮಹಾವೀರನ ಒಂದು ಲೆಕ್ಕವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಒಬ್ಬ ದಿನಕ್ಕೆ 9 ಯೋಜನ ನಡೆಯುತ್ತಾನೆ. ಅವನು ಆಗಲೇ 100 ಯೋಜನ ಹೋಗಿಬಿಟ್ಟಿದ್ದಾನೆ. ಅವನ ಹಿಂದೆ ಒಬ್ಬ ದೂತನನ್ನು ಕಳಿಸಿದರು, ಅವನ ನಡಿಗೆ ದಿನಕ್ಕೆ 13 ಯೋಜನ. ಎಷ್ಟು ದಿನಕ್ಕೆ ಹಿಡಿಯುತ್ತಾನೆ? ಕೋಷ್ಟಕ ಹಾಕು. ವೇಗ 9 ಮತ್ತು 13. ಕಾಲ ಇಬ್ಬರಿಗೂ ಯಾ. ದೂರ, ಮುಂದಿನವನದು 100 + 9ಯಾ, ದೂತನದು 13ಯಾ. ಹಿಡಿಯುವುದು ಅಂದರೆ ಒಂದೇ ಜಾಗದಲ್ಲಿ ಇರುವುದು, ಆದ್ದರಿಂದ ಎರಡು ದೂರಗಳೂ ಸಮ. 4ಯಾ = 100, ಯಾ = 25 ದಿನ. ದಿನಕ್ಕೆ ನಾಲ್ಕು ಯೋಜನದಂತೆ ನೂರು ಯೋಜನದ ಅಂತರ ಕರಗುತ್ತಾ ಬಂತು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ನಿಮ್ಮ ತಾಲೂಕಿನಿಂದ ಆಳಿದ ದೊರೆಯ ಕಾಲದ ಗಣಿತಜ್ಞ ಇಂಥ ಲೆಕ್ಕ ಕಟ್ಟಿದ್ದ ಅನ್ನುವುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಮಳಖೇಡದಲ್ಲಿ ಅವನ ಹೆಸರಿನ ಒಂದು ದೊಡ್ಡ ಕಲ್ಲು ನಿಲ್ಲಿಸಿ ಈ ಲೆಕ್ಕವನ್ನು ಕೆತ್ತಬೇಕು, ನಿಮ್ಮ ಕಡೆಯ ಮಕ್ಕಳೆಲ್ಲ ಅದರ ಮುಂದೆ ನಿಂತು ಬಿಡಿಸಬೇಕು ಅಂತ ನನ್ನ ಆಸೆ.

ಈಗ ನಿನ್ನ ರೈಲು. ಎಷ್ಟೋ ವರ್ಷಗಳಿಂದ ಹತ್ತನೇ ತರಗತಿಯ ಮಕ್ಕಳ ಮುಂದೆ ಓಡುತ್ತಿರುವ ರೈಲು ಅದು. ಮೈಸೂರು–ಬೆಂಗಳೂರು 132 ಕಿಲೋಮೀಟರ್. ಎಕ್ಸ್‌ಪ್ರೆಸ್ಸಿನ ಸರಾಸರಿ ವೇಗ ಪ್ಯಾಸೆಂಜರಿಗಿಂತ 11 ಹೆಚ್ಚು, ಅದಕ್ಕೆ ಒಂದು ಗಂಟೆ ಕಡಿಮೆ ಸಾಕು. ದೂರದ ಕಂಬ ಮೊದಲೇ ತುಂಬಿದೆ, ಎರಡರಲ್ಲೂ 132. ವೇಗದ ಕಂಬದಲ್ಲಿ ಯಾ ಮತ್ತು ಯಾ + 11. ಉಳಿದದ್ದು ಕಾಲ, ಅದನ್ನು ಸೂತ್ರದಿಂದ ತುಂಬು: 132/ಯಾ ಮತ್ತು 132/(ಯಾ + 11). ಕಾಲಗಳ ಬಗ್ಗೆ ಕಥೆ ಏನು ಹೇಳಿತು? ಒಂದು ಗಂಟೆ ವ್ಯತ್ಯಾಸ.

132/ಯಾ − 132/(ಯಾ + 11) = 1

ಹಿಂದಿನ ಎರಡು ಲೆಕ್ಕಗಳು ಸರಳವಾಗಿ ಬಿಡಿಸಿಕೊಂಡವು, ಇದು ಮಾತ್ರ ವರ್ಗ ಸಮೀಕರಣ ಯಾಕಾಯಿತು ಅಂತ ನೀನು ಕೇಳಬೇಕು. ಅವುಗಳಲ್ಲಿ ಗೊತ್ತಿಲ್ಲದ್ದು ಕಾಲ, ಅದನ್ನು ವೇಗದಿಂದ ಗುಣಿಸಿದೆವು, ಅಷ್ಟೇ. ಇಲ್ಲಿ ಗೊತ್ತಿಲ್ಲದ್ದು ವೇಗ, ಅದು ಛೇದದಲ್ಲಿ ಹೋಗಿ ಕೂತಿದೆ, ಅದೂ ಎರಡು ಬೇರೆ ಬೇರೆ ಛೇದಗಳಲ್ಲಿ. ಛೇದ ತೆಗೆಯಲು ಎರಡರಿಂದಲೂ ಗುಣಿಸಿದಾಗ ಯಾ ತನ್ನನ್ನೇ ಗುಣಿಸುತ್ತದೆ, ವರ್ಗ ಬರುತ್ತದೆ. ಗುಣಿಸಿ ನೋಡು: 132 × 11 = ಯಾ(ಯಾ + 11). ಅಂದರೆ ಯಾ² + 11ಯಾ − 1452 = 0. ಗುಣಲಬ್ಧ 1452, ವ್ಯತ್ಯಾಸ 11 ಇರುವ ಜೋಡಿ 44 ಮತ್ತು 33. ಯಾ = 33, ಇಲ್ಲವೇ ಯಾ = −44. ಪ್ಯಾಸೆಂಜರ್ 33, ಎಕ್ಸ್‌ಪ್ರೆಸ್ 44. ಒಂದಕ್ಕೆ 4 ಗಂಟೆ, ಇನ್ನೊಂದಕ್ಕೆ 3.

ವೇಗ ಋಣವಾಗಲಾರದು ಅಂತ ಬರೆದು −44 ಅನ್ನು ಹೊಡೆದು ಹಾಕಲು ಹೇಳಿಕೊಡುತ್ತಾರೆ. ಹೊಡೆದು ಹಾಕು, ಅಂಕ ಅದಕ್ಕೇ. ಆದರೆ ಹೊಡೆಯುವ ಮೊದಲು ಅದರ ಮುಖ ನೋಡು. 44 ಯಾರದು? ಎಕ್ಸ್‌ಪ್ರೆಸ್ಸಿನದು! ಯಾ ಜಾಗದಲ್ಲಿ −44 ಇಟ್ಟರೆ ಯಾ + 11 ಆಗುವುದು −33. ರೈಲುಗಳು ಜಾಗ ಬದಲಾಯಿಸಿಕೊಂಡು, ಕಾಲವನ್ನು ಹಿಂದಕ್ಕೆ ಓಡಿಸಿಕೊಂಡು ಬಂದಿವೆ: −3 ಗಂಟೆಯಿಂದ −4 ಗಂಟೆ ಕಳೆದರೆ ಮತ್ತೆ 1. ನೀನು ಒಂದು ರೈಲಿನ ವೇಗವನ್ನಷ್ಟೇ ಕೇಳಿದ್ದೆ, ಸಮೀಕರಣ ಎರಡನ್ನೂ ಹೇಳಿತು. ಒಂದರ ಮುಂದೆ ಋಣಚಿಹ್ನೆ ಹಾಕಿ ಬೇರೆ ಮಾಡಿ ಇಟ್ಟಿತು. ಭಾಸ್ಕರಾಚಾರ್ಯನೂ ಬೀಜಗಣಿತದಲ್ಲಿ ಇಂಥ ಜಾಗದಲ್ಲಿ ನಿಂತು ಯೋಚಿಸಿದ್ದಾನೆ. ಹಿಂಡಿನ ಐದನೇ ಒಂದು ಭಾಗದಿಂದ ಮೂರು ಕಳೆಯಬೇಕಾದ ಕೋತಿಗಳ ಒಂದು ಲೆಕ್ಕದಲ್ಲಿ 50 ಮತ್ತು 5 ಎರಡೂ ಉತ್ತರ ಬರುತ್ತವೆ. ಐದರ ಐದನೇ ಒಂದು ಭಾಗದಿಂದ ಮೂರು ಕಳೆಯಲು ಆಗುವುದಿಲ್ಲ, ಎಣಿಕೆ ಋಣವಾದರೆ ಜನ ಒಪ್ಪುವುದಿಲ್ಲ ಅಂತ 5ನ್ನು ಬಿಟ್ಟ. ಯಾವ ಉತ್ತರ ಕಥೆಗೆ ಸಲ್ಲುತ್ತದೆ ಅಂತ ತೀರ್ಮಾನಿಸುವವರು ನಾವು, ಸಮೀಕರಣಕ್ಕೆ ಕಥೆ ಗೊತ್ತಿಲ್ಲ. ಅದಕ್ಕೇ ಉತ್ತರ ಬಂದ ಮೇಲೆ ಮತ್ತೊಮ್ಮೆ ಪ್ರಶ್ನೆ ಓದು ಅಂತ ನಾನು ಮಕ್ಕಳನ್ನು ಕಾಡುವುದು.

ನಿನ್ನ ರೈಲಿನ ಲೆಕ್ಕದಲ್ಲಿ ಇನ್ನೊಂದು ಸಣ್ಣ ಮಾತಿದೆ, ಕಂಸದಲ್ಲಿ. ನಡುವಿನ ನಿಲ್ದಾಣಗಳಲ್ಲಿ ನಿಲ್ಲುವ ಹೊತ್ತನ್ನು ಹಿಡಿಯಬೇಡಿ ಅಂತ. ನೀನು ಅದನ್ನು ಓದದೆ ದಾಟಿರುತ್ತೀಯ. ನಿಮ್ಮ ಸೇಡಂಗೆ ಇಲ್ಲಿಂದ ಬರುವ ರೈಲು ವಿಕಾರಾಬಾದಿನಲ್ಲಿ ನಿಲ್ಲುತ್ತದೆ, ತಾಂಡೂರಿನಲ್ಲಿ ನಿಲ್ಲುತ್ತದೆ, ಸಿಗ್ನಲ್ ಸಿಗದೆ ಬಯಲಲ್ಲೂ ನಿಲ್ಲುತ್ತದೆ. ನಿಲ್ಲುವ ಹೊತ್ತು ಸೇರಿಸಿದರೆ ಕಾಲದ ಕಂಬಕ್ಕೆ ಇನ್ನೊಂದು ಸಂಖ್ಯೆ ಕೂಡಿಕೊಳ್ಳುತ್ತದೆ. ಅದು ಎಷ್ಟಿದ್ದರೂ ಕೋಷ್ಟಕ ಅದೇ, ಕೇಳುವ ಪ್ರಶ್ನೆಯೂ ಅದೇ. ಪುಸ್ತಕದವರು ಲೆಕ್ಕ ಹಗುರಾಗಲಿ ಅಂತ ಅದನ್ನು ತೆಗೆದಿದ್ದಾರೆ. ನಿನಗೆ ಸೇರಿಸಿಕೊಳ್ಳುವ ಧೈರ್ಯ ಬರಲಿ.

ನನಗಾಗಿ ಒಂದು ಕೆಲಸ ಮಾಡು. ಈ ವಾರ ಅಪ್ಪನ ಜೊತೆ ಕಲಬುರಗಿಗೆ ಹೋಗುವವಳಿದ್ದೀಯಲ್ಲ, ಬಸ್ಸು ಹೊರಟ ಹೊತ್ತು, ಮಳಖೇಡ ಮುಟ್ಟಿದ ಹೊತ್ತು, ಅಲ್ಲಿ ನಿಂತದ್ದು, ಕಲಬುರಗಿ ಸೇರಿದ್ದು ಎಲ್ಲ ಬರೆದಿಟ್ಟುಕೋ. ದೂರವನ್ನು ರಸ್ತೆಬದಿಯ ಕಲ್ಲುಗಳಲ್ಲಿ ಓದು. ಅದರಿಂದ ನೀನೇ ಒಂದು ಲೆಕ್ಕ ಕಟ್ಟು, ಒಂದು ಸಂಖ್ಯೆಯನ್ನು ಮುಚ್ಚಿಟ್ಟು ನನಗೆ ಕಳಿಸು, ನಾನು ಬಿಡಿಸಿ ಕಳಿಸುತ್ತೇನೆ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದರೆ ದಯವಿಟ್ಟು ಬಿಡಬೇಡ. ಮೊದಲು ಕೋಷ್ಟಕವನ್ನಾದರೂ ಹಾಕು, ಉಳಿದದ್ದು ಅದರಿಂದಲೇ ಬರುತ್ತದೆ.



ನಿನ್ನ ಪ್ರೀತಿಯ
ಅತ್ತೆ